ಸಂಪತ್ ಯಾರ್‍ಯಾರಿಗೆ ಎಷ್ಟು ಕೊಡಬೇಕಿತ್ತು?

ಸಿನಿಮಾ ರಂಗದ ಮೇಲೆ ಬಂದ ಯಾವ ಕಾದಂಬರಿಯ ವಿಮರ್ಶೆಯನ್ನೇ ತೆಗೆಯಿರಿ, ಎರಡು ಪ್ಯಾರಾ ದಾಟುವಷ್ಟರಲ್ಲಿ ‘ಬಣ್ಣದ ಲೋಕದ ಹಿಂದಿನ ಕತ್ತಲು’ ಬಂದೇ ಬರುತ್ತದೆ. ಅದರ ಬೆನ್ನಿಗೇ ‘ಮಾಯೆ ಮತ್ತು ವಾಸ್ತವ’. ಕಾಲೇಜಿನ ಟಿಪ್ಪಣಿಗಳಲ್ಲಂತೂ ಪಾತ್ರವಿಶ್ಲೇಷಣೆ ಎಂದರೆ ಇಷ್ಟೇ: ನಾಯಕಿ ಮಾಯೆಯ ಸಂಕೇತ, ನಿರ್ಮಾಪಕ ದುರಾಸೆಯ ಸಂಕೇತ, ಮೋಸಹೋದ ಕಲಾವಿದ ಪ್ರಾಮಾಣಿಕತೆಯ ಸಂಕೇತ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇಷ್ಟನ್ನು ಹೇಳಲು ಕಾದಂಬರಿ ಓದುವ ಅಗತ್ಯವೇ ಇಲ್ಲ. ಸಿನಿಮಾ ಬೆಳಕು ನೆರಳಿನ ಆಟ ಎಂಬುದು ಟಿಕೆಟ್ ಕೊಂಡವರಿಗೆಲ್ಲ ಗೊತ್ತು. ಅದನ್ನೇ ಇನ್ನೊಮ್ಮೆ ಹೇಳಲು ಒಬ್ಬ ಒಳ್ಳೆಯ ಲೇಖಕ ಇನ್ನೂರು ಮುನ್ನೂರು ಪುಟ ಖರ್ಚು ಮಾಡುತ್ತಾನೆಯೇ?

ಇಂಥ ಕಾದಂಬರಿಯಲ್ಲಿ ಪಾತ್ರದ ಮನಸ್ಸಿಗೆ ಕೈಹಾಕುವ ಮೊದಲು ಅದರ ಕೆಲಸವನ್ನು ನೋಡಬೇಕು ಎಂಬುದು ನನ್ನ ವಾದ. ಯಾರು ಯಾರಿಗೆ ದುಡ್ಡು ಕೊಡುತ್ತಾರೆ, ಯಾರು ತಡಮಾಡಿದರೆ ಯಾರು ಕಾಯುತ್ತಾರೆ, ಯಾರನ್ನು ಯಾರು ಒಂದೇ ಮಾತಿಗೆ ಮನೆಗೆ ಕಳಿಸಬಹುದು. ಸಾಂಸಾರಿಕ ಕಾದಂಬರಿಯಲ್ಲಿ ಇವು ಹಿನ್ನೆಲೆಗೆ ಸರಿದರೆ ನಡೆದೀತು. ಸಿನಿಮಾದಲ್ಲಿ ನಡೆಯುವುದಿಲ್ಲ, ಯಾಕೆಂದರೆ ಅಲ್ಲಿ ಒಬ್ಬ ಬಾರದಿದ್ದರೆ ಬಂದ ಐವತ್ತು ಜನರ ದಿನವೂ ಹಾಳು. ಫ್ಲೋರಿನ ಬಾಡಿಗೆ, ದೀಪದವರ ಕೂಲಿ, ಊಟದ ಲೆಕ್ಕ, ಸಾಲದ ಬಡ್ಡಿ ಎಲ್ಲ ಓಡುತ್ತಲೇ ಇರುತ್ತವೆ. ಆಸೆ, ಅಸೂಯೆ, ಪ್ರೇಮ ಎಲ್ಲವೂ ಈ ಓಡುವ ಲೆಕ್ಕದ ಮೇಲೆಯೇ ಹುಟ್ಟಿ ಸಾಯುತ್ತವೆ.

ಇದನ್ನು ಪರೀಕ್ಷಿಸಲು ಆರ್.ಕೆ. ನಾರಾಯಣರ ‘ಮಿಸ್ಟರ್ ಸಂಪತ್’ಗಿಂತ ಹತ್ತಿರದ ಪುಸ್ತಕ ನಮಗಿಲ್ಲ. 1949ರ ಈ ಕಾದಂಬರಿಯನ್ನು ಮಾಲ್ಗುಡಿಯ ಇನ್ನೊಂದು ಹಾಸ್ಯಕಥೆ ಎಂದು ಓದಿ ಪಕ್ಕಕ್ಕಿಡುವವರೇ ಹೆಚ್ಚು. ಅದು ಸಿನಿಮಾ ಕಾದಂಬರಿ ಎಂಬುದೇ ಅನೇಕರಿಗೆ ನೆನಪಿರುವುದಿಲ್ಲ. ಮೊದಲರ್ಧವೆಲ್ಲ ಒಂದು ವಾರಪತ್ರಿಕೆ ಮತ್ತು ಒಂದು ಮುದ್ರಣಾಲಯದ ಕಥೆಯಾಗಿರುವುದೂ ಇದಕ್ಕೆ ಕಾರಣ. ಎರಡು ತುಂಡು ಸರಿಯಾಗಿ ಬೆಸೆದಿಲ್ಲ ಎಂಬ ದೂರು ಈ ಪುಸ್ತಕದ ಮೇಲೆ ಮೊದಲಿನಿಂದಲೂ ಇದೆ. ನನಗೆ ಆ ದೂರೇ ಒಳ್ಳೆಯ ಬಾಗಿಲಾಗಿ ಕಾಣುತ್ತದೆ.

ಮುದ್ರಣಾಲಯದ ನೇರಳೆ ಪರದೆ

ಶ್ರೀನಿವಾಸ ‘ಬ್ಯಾನರ್’ ಎಂಬ ಪತ್ರಿಕೆ ನಡೆಸುತ್ತಾನೆ, ಕಬೀರ್ ಲೇನಿನ ಟ್ರೂತ್ ಪ್ರಿಂಟಿಂಗ್ ವರ್ಕ್ಸ್‌ನಲ್ಲಿ ಸಂಪತ್ ಅದನ್ನು ಅಚ್ಚುಹಾಕುತ್ತಾನೆ. ಮುದ್ರಣಾಲಯದ ಒಳಕೋಣೆಗೆ ಒಂದು ನೇರಳೆ ಪರದೆ. ಅದರಾಚೆ ಯಾರಿಗೂ ಪ್ರವೇಶವಿಲ್ಲ. ಈಚೆ ಕೂತ ಗಿರಾಕಿಗೆ, ಒಳಗೆ ಸಾಲು ಸಾಲು ಯಂತ್ರಗಳು, ಕೈತುಂಬ ಕೆಲಸಗಾರರು ಇದ್ದಾರೆಂಬ ಭಾವನೆ ಬರುವಂತೆ ಸಂಪತ್ ನಡೆದುಕೊಳ್ಳುತ್ತಾನೆ. ಒಳಗಿನ ಅಸಲು ಕಥೆಯೆಂದರೆ ಬಹುಪಾಲು ಕೆಲಸಕ್ಕೆ ಅವನೇ ಗತಿ.

ಈ ಪರದೆಯನ್ನು ಕಂಡ ಕೂಡಲೇ ‘ಮಾಯೆ’ ಎಂದು ಬರೆದುಕೊಳ್ಳುವ ಚಟ ಬಿಟ್ಟು ಅದು ಮಾಡುವ ಕೆಲಸವನ್ನು ನೋಡಿ. ಅದು ಗಿರಾಕಿಗೆ ಕಾಯುವ ಧೈರ್ಯ ಕೊಡುತ್ತದೆ. ಇಷ್ಟು ದೊಡ್ಡ ಕಾರ್ಖಾನೆ ಇದ್ದಮೇಲೆ ನಾಳೆಯಾದರೂ ಕೆಲಸ ಮುಗಿದೀತು ಎಂದು ಅವನು ಎದ್ದು ಹೋಗುತ್ತಾನೆ. ಅಂದರೆ ಸಂಪತ್ ಮಾರುತ್ತಿರುವುದು ಅಚ್ಚಾದ ಹಾಳೆಯನ್ನಷ್ಟೇ ಅಲ್ಲ, ತಡವನ್ನು ಸಹ್ಯವಾಗಿಸುವ ಮಾತನ್ನೂ. ಚಿತ್ರನಿರ್ಮಾಣಕ್ಕೆ ಬೇಕಾದ ಮೊದಲ ಅರ್ಹತೆ ಅದೇ. ಫೈನಾನ್ಸಿಯರ್ ಮುಂದೆ ಇಲ್ಲದ ಚಿತ್ರವನ್ನು ಇದೆ ಎನ್ನಿಸಬೇಕು, ನಟರಿಗೆ ಇಲ್ಲದ ಹಣವನ್ನು ಬರುತ್ತಿದೆ ಎನ್ನಿಸಬೇಕು, ಹಂಚಿಕೆದಾರನಿಗೆ ಆಗದ ಬಿಡುಗಡೆಯ ದಿನಾಂಕ ಹೇಳಬೇಕು. ಮುದ್ರಣಾಲಯ ಕೈಕೊಟ್ಟು ಸಂಪತ್ ಸನ್‌ರೈಸ್ ಪಿಕ್ಚರ್ಸ್ ಎಂಬ ಚಿತ್ರಸಂಸ್ಥೆಯ ಹಿಂದೆ ಹೊರಟಾಗ ಅವನ ವೃತ್ತಿ ಬದಲಾಗಲೇ ಇಲ್ಲ. ಗಿರಾಕಿ ಬದಲಾದ, ಅಷ್ಟೆ. ಕಾದಂಬರಿಯ ಎರಡು ತುಂಡಿನ ಬೆಸುಗೆ ಇಲ್ಲಿದೆ. ಕಥೆಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಕೆಲಸದಲ್ಲಿ ಹುಡುಕಿದರೆ ಸಿಗುತ್ತದೆ.

ಅಂದಹಾಗೆ, ನಾರಾಯಣ್ ಈ ಎರಡೂ ಲೋಕಗಳನ್ನು ಒಳಗಿನಿಂದ ಕಂಡವರು. 1941ರಲ್ಲಿ ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಿದರು, ಅದು ಬೇಗನೆ ನಿಂತುಹೋಯಿತು. ಆಮೇಲೆ ಮದ್ರಾಸಿನ ಜೆಮಿನಿ ಸ್ಟುಡಿಯೋಗಾಗಿ ಕಥೆ ಬರೆದರು. 1947ರ ‘ಮಿಸ್ ಮಾಲಿನಿ’ ಅದರಿಂದ ಬಂದದ್ದು. ಸಂಪತ್ ಎಂಬ ಹೆಸರಿನ ಮಾತುಗಾರ ಆ ಚಿತ್ರದಲ್ಲೇ ಇದ್ದ. ಕಾದಂಬರಿ ಬಂದ ಮೇಲೆ ಜೆಮಿನಿಯ ಎಸ್.ಎಸ್. ವಾಸನ್ 1952ರಲ್ಲಿ ಅದನ್ನು ಹಿಂದಿಯಲ್ಲಿ ಚಿತ್ರ ಮಾಡಿದರು, ಮೋತಿಲಾಲ್ ಸಂಪತ್ ಆದರು. ಸಿನಿಮಾದವರನ್ನು ಲೇವಡಿ ಮಾಡಿದ ಕಾದಂಬರಿಯನ್ನು ಸಿನಿಮಾದವರೇ ಕೊಂಡು ಸಿನಿಮಾ ಮಾಡಿದ್ದು ಆ ಉದ್ಯಮದ ಜೀರ್ಣಶಕ್ತಿಗೆ ಸಾಕ್ಷಿ.

ಪೆನ್ಸಿಲ್ ಹಿಡಿದು ಓದುವುದು

ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆದುಕೊಳ್ಳಿ. ಮೊದಲನೆಯದರಲ್ಲಿ ಪಾತ್ರದ ಕೆಲಸ, ಎರಡನೆಯದರಲ್ಲಿ ಅದಕ್ಕೆ ಯಾರು ಕೊಡುತ್ತಾರೆ, ಮೂರನೆಯದರಲ್ಲಿ ಅದನ್ನು ಯಾರು ತೆಗೆದುಹಾಕಬಹುದು, ನಾಲ್ಕನೆಯದರಲ್ಲಿ ಅದು ಯಾರಿಗಾಗಿ ಕಾಯುತ್ತಿದೆ. ಮೊದಲ ಓದಿನಲ್ಲಿ ಇದನ್ನು ತುಂಬಿಸಬೇಡಿ, ಕಥೆ ಕೆಡುತ್ತದೆ. ಎರಡನೇ ಓದಿನಲ್ಲಿ ಪ್ರತಿ ಅಧ್ಯಾಯ ಮುಗಿದ ಮೇಲೆ ತಿದ್ದುತ್ತಾ ಹೋಗಿ, ಯಾಕೆಂದರೆ ಈ ಕಾಲಂಗಳು ಬದಲಾಗುವ ಜಾಗವೇ ಕಾದಂಬರಿಯ ನಿಜವಾದ ತಿರುವು.

‘ಮಿಸ್ಟರ್ ಸಂಪತ್’ನ ರವಿಯನ್ನೇ ನೋಡಿ. ಬ್ಯಾಂಕಿನಲ್ಲಿ ಗುಮಾಸ್ತ, ಮನೆಯ ಭಾರವೆಲ್ಲ ಅವನ ಮೇಲೆ. ಎಂದೋ ಕಂಡ ಒಬ್ಬ ಹೆಣ್ಣಿನ ಮುಖ ಅವನನ್ನು ಕಾಡುತ್ತದೆ, ಅವಳ ಚಿತ್ರ ಬರೆದಿದ್ದಾನೆ, ಅವಳು ಮತ್ತೆ ಸಿಕ್ಕಿಲ್ಲ. ಅಲ್ಲಿಯವರೆಗೆ ಅವನ ಹೊಟ್ಟೆಪಾಡು ಮತ್ತು ಅವನ ಹುಚ್ಚು ಬೇರೆ ಬೇರೆ ಕಾಲಂಗಳಲ್ಲಿವೆ. ಬ್ಯಾಂಕ್ ಸಂಬಳ ಕೊಡುತ್ತದೆ, ಆ ಮುಖ ಏನನ್ನೂ ಕೊಡುವುದಿಲ್ಲ. ಬ್ಯಾಂಕಿನ ಕೆಲಸ ಹೋದಮೇಲೆ ಸ್ಟುಡಿಯೋದ ಕಲಾವಿಭಾಗದಲ್ಲಿ ಕೆಲಸ ಸಿಗುತ್ತದೆ. ನಾಯಕಿಯಾಗಿ ಬಂದ ಶಾಂತಿಯಲ್ಲಿ ಅವನಿಗೆ ಅದೇ ಮುಖ ಕಾಣುತ್ತದೆ. ಈಗ ಸಂಬಳ ಮತ್ತು ಹುಚ್ಚು ಒಂದೇ ಕಟ್ಟಡದಲ್ಲಿ, ಒಂದೇ ದೀಪದ ಕೆಳಗೆ. ಅವನು ಕೆಡುವುದು ಈ ಹಂತದಲ್ಲಿ. ಆದರ್ಶವಾದಿ ಕಲಾವಿದ ವಾಸ್ತವಕ್ಕೆ ಡಿಕ್ಕಿ ಹೊಡೆದ ಎಂಬ ವಿವರಣೆ ಇಲ್ಲಿ ಹೊಂದುವುದಿಲ್ಲ. ಬ್ಯಾಂಕಿನಲ್ಲಿದ್ದಾಗ ವಾಸ್ತವವೇನು ಕಡಿಮೆಯಿತ್ತೇ? ಅವನಿಗೆ ಕುತ್ತಾದದ್ದು ಕನಸು ದಿನಗೂಲಿಯ ಭಾಗವಾದದ್ದು.

ಸೋಮುವಿನದು ಇದಕ್ಕೆ ತದ್ವಿರುದ್ಧ. ಜಿಲ್ಲಾ ಬೋರ್ಡಿನಲ್ಲಿ ಅಧಿಕಾರ ಕಂಡವನು, ಕೈಯಲ್ಲಿ ಕಾಸಿದೆ, ಚಿತ್ರಕ್ಕೆ ಹಣ ಹಾಕುವವನು ಅವನೇ. ಅವನ ‘ಯಾರು ತೆಗೆದುಹಾಕಬಹುದು’ ಕಾಲಂ ಖಾಲಿ. ಆದರೆ ‘ಯಾರಿಗಾಗಿ ಕಾಯುತ್ತಿದ್ದಾನೆ’ ಕಾಲಂ ತುಂಬಿ ತುಳುಕುತ್ತದೆ. ಹಣ ಹಾಕಿದವನು ಎಲ್ಲರಿಗೂ ಯಜಮಾನ, ಎಲ್ಲರ ಬಂದಿ ಕೂಡ. ಅರ್ಧ ಆದ ಚಿತ್ರವನ್ನು ಮಾರುವಂತಿಲ್ಲ, ಬಿಡುವಂತಿಲ್ಲ. ಹಾಕಿದ್ದನ್ನು ಉಳಿಸಿಕೊಳ್ಳಲು ಮತ್ತೆ ಹಾಕಬೇಕು. ಸಿನಿಮಾ ಕಾದಂಬರಿಗಳಲ್ಲಿ ಹಣವಂತ ಪಾತ್ರಗಳು ಸಾಮಾನ್ಯವಾಗಿ ಕಾರ್ಟೂನುಗಳಾಗುವುದು ಲೇಖಕರು ಈ ನಾಲ್ಕನೇ ಕಾಲಂ ಮರೆತಾಗ. ನಾರಾಯಣ್ ಅರ್ಧ ಮರೆತಿದ್ದಾರೆ ಎಂದು ನನ್ನ ಅನಿಸಿಕೆ. ಸೋಮು ನಗಿಸುತ್ತಾನೆ, ಅವನ ರಾತ್ರಿಗಳು ನಮಗೆ ಕಾಣುವುದಿಲ್ಲ.

ಕಾಲವನ್ನೂ ಈ ಹಾಳೆಯ ತಲೆಯ ಮೇಲೆ ಬರೆದಿಡಬೇಕು. ‘ಬ್ಯಾನರ್’ ಶುರುವಾಗುವುದು 1938ರಲ್ಲಿ. ಅದು ಸ್ಟುಡಿಯೋಗಳ ಕಾಲ. ನಟ, ತಂತ್ರಜ್ಞ, ಬರಹಗಾರ ಎಲ್ಲ ಸಂಬಳದ ನೌಕರರು. ಎರಡನೇ ಮಹಾಯುದ್ಧ ಬಂದು ಕಚ್ಚಾ ಫಿಲ್ಮಿಗೆ ಪರವಾನಗಿ ಬೇಕಾಯಿತು, ಕಥಾಚಿತ್ರದ ಉದ್ದವನ್ನು 11,000 ಅಡಿಗೆ ಕಟ್ಟಿಹಾಕಲಾಯಿತು. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ, ಅಂದರೆ ಎರಡು ಗಂಟೆಯ ಮೇಲೆ ಎರಡು ನಿಮಿಷ. ಯುದ್ಧದ ಕಾಳಸಂತೆಯ ಹಣ ಚಿತ್ರರಂಗಕ್ಕೆ ನುಗ್ಗಿ, ಸ್ಟುಡಿಯೋ ಕಟ್ಟಿದವರಿಗಿಂತ ಸ್ಟುಡಿಯೋ ಬಾಡಿಗೆ ಹಿಡಿದ ಒಂಟಿ ನಿರ್ಮಾಪಕರು ಹೆಚ್ಚಾದರು. ಚಿತ್ರೋದ್ಯಮದ ಸ್ಥಿತಿಯನ್ನು ಪರಿಶೀಲಿಸಿ 1951ರಲ್ಲಿ ವರದಿ ಕೊಟ್ಟ ಎಸ್.ಕೆ. ಪಾಟೀಲ್ ಸಮಿತಿ ದುಃಖಪಟ್ಟದ್ದು ಈ ಬೆಳವಣಿಗೆಗೇ. ಕಥೆ ಯುದ್ಧಕ್ಕೆ ಮುಂಚೆ ತೊಡಗಿದರೂ ನಾರಾಯಣ್ ಬರೆದದ್ದು ಯುದ್ಧ ಮುಗಿದ ಮೇಲೆ. ಸಂಪತ್ ಸ್ಟುಡಿಯೋ ಕಾಲದ ವೇಷದಲ್ಲಿರುವ ಒಂಟಿ ನಿರ್ಮಾಪಕ. ಅವನು ಮುಂದಿನ ದಶಕದ ಮನುಷ್ಯ.

‘ಇವನು ನಿಜವಾಗಿ ಯಾರು?’

ಸಿನಿಮಾ ಕಾದಂಬರಿ ಸಿಕ್ಕ ಕೂಡಲೇ ಓದುಗ ಮೊದಲು ಕೇಳುವ ಪ್ರಶ್ನೆ ಇದು. ಆ ನಟಿ ಯಾರು, ಆ ನಿರ್ಮಾಪಕ ಯಾರು. ಗಾಂಧಿನಗರದ ಗಾಳಿಸುದ್ದಿ ಕೇಳಿ ಬೆಳೆದ ನಮಗಂತೂ ಇದು ರಕ್ತದಲ್ಲೇ ಇದೆ. ಫಿಟ್ಜ್‌ಜೆರಾಲ್ಡನ ‘ದಿ ಲಾಸ್ಟ್ ಟೈಕೂನ್’ ಕಾದಂಬರಿಯ ನಿರ್ಮಾಪಕ ಮನ್ರೋ ಸ್ಟಾರ್, ಹಾಲಿವುಡ್ಡಿನ ಎಂ.ಜಿ.ಎಂ. ಸ್ಟುಡಿಯೋದ ನಿರ್ಮಾಪಕ ಇರ್ವಿಂಗ್ ಥಾಲ್‌ಬರ್ಗ್‌ನ ನೆರಳು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಥಾಲ್‌ಬರ್ಗ್ 1936ರಲ್ಲಿ ತನ್ನ 37ನೇ ವಯಸ್ಸಿನಲ್ಲಿ ತೀರಿಕೊಂಡ. ಕಾದಂಬರಿ ಮುಗಿಸದೆಯೇ 1940ರ ಡಿಸೆಂಬರಿನಲ್ಲಿ ಫಿಟ್ಜ್‌ಜೆರಾಲ್ಡನೂ ಹೋದ. ಸರಿ, ಗೊತ್ತಾಯಿತು. ಇದರಿಂದ ಸ್ಟಾರ್ ಬಗ್ಗೆ ಏನು ತಿಳಿಯಿತು? ಅವನಿಗೆ ಆಯಸ್ಸು ಕಡಿಮೆ ಎಂಬುದಷ್ಟೇ. ಬೀಗದ ಕೈ ಸಿಕ್ಕಮೇಲೆ ಓದುಗ ಕೋಣೆ ನೋಡುವುದನ್ನು ನಿಲ್ಲಿಸುತ್ತಾನೆ, ಪ್ರತಿ ಪುಟವನ್ನೂ ಜೀವನಚರಿತ್ರೆಯ ಜೊತೆ ತಾಳೆ ನೋಡಲು ಕೂರುತ್ತಾನೆ.

ಸ್ಟಾರ್ ಯಾರೆಂದು ತಿಳಿಯಬೇಕಾದರೆ ಒಂದು ದೃಶ್ಯ ಸಾಕು. ಬಾಕ್ಸ್‌ಲಿ ಎಂಬ ಇಂಗ್ಲಿಷ್ ಕಾದಂಬರಿಕಾರ ಸ್ಟುಡಿಯೋದ ಸಂಬಳಕ್ಕೆ ಬಂದಿದ್ದಾನೆ, ಸಿನಿಮಾ ಎಂದರೆ ಅವನಿಗೆ ತಾತ್ಸಾರ. ಗೊಣಗುತ್ತಾ ಬಂದವನನ್ನು ಕೂರಿಸಿ ಸ್ಟಾರ್ ಒಂದು ಸನ್ನಿವೇಶ ಕಟ್ಟುತ್ತಾನೆ. ನೀವು ಕಚೇರಿಯಲ್ಲಿ ಕೂತಿದ್ದೀರಿ, ಒಬ್ಬ ಟೈಪಿಸ್ಟ್ ಹುಡುಗಿ ಬರುತ್ತಾಳೆ, ನಿಮ್ಮನ್ನು ನೋಡಿಲ್ಲ. ಕೈಚೀಲ ಬರಿದು ಮಾಡುತ್ತಾಳೆ. ಹತ್ತು ಸೆಂಟಿನ ಎರಡು ನಾಣ್ಯ, ಐದು ಸೆಂಟಿನ ಒಂದು ನಾಣ್ಯ, ಒಂದು ಬೆಂಕಿಪೊಟ್ಟಣ. ಐದು ಸೆಂಟನ್ನು ಮೇಜಿನ ಮೇಲೆ ಬಿಟ್ಟು ಉಳಿದ ಎರಡನ್ನು ಚೀಲಕ್ಕೆ ಹಾಕುತ್ತಾಳೆ. ತನ್ನ ಕಪ್ಪು ಕೈಗವಸುಗಳನ್ನು ಒಲೆಗೆ ತುರುಕುತ್ತಾಳೆ. ಕಡ್ಡಿ ಗೀರುವಾಗ ಫೋನ್ ಬರುತ್ತದೆ. ತನ್ನ ಬಳಿ ಕಪ್ಪು ಕೈಗವಸು ಯಾವತ್ತೂ ಇರಲೇ ಇಲ್ಲ ಎನ್ನುತ್ತಾಳೆ. ಆಗ ನೀವು ತಿರುಗಿ ನೋಡಿದರೆ ಕೋಣೆಯಲ್ಲಿ ಇನ್ನೊಬ್ಬ ಗಂಡಸು ನಿಂತು ಅವಳನ್ನೇ ಗಮನಿಸುತ್ತಿದ್ದಾನೆ. ಸ್ಟಾರ್ ಅಲ್ಲಿಗೆ ನಿಲ್ಲಿಸುತ್ತಾನೆ. ಮುಂದೇನು ಎಂದು ಬಾಕ್ಸ್‌ಲಿ ಕೇಳದೆ ಇರಲಾರ. ಕೊನೆಗೆ, ಆ ಐದು ಸೆಂಟು ಯಾಕೆ ಎಂದೂ ಕೇಳುತ್ತಾನೆ. ಅದು ಸಿನಿಮಾಕ್ಕೆ ಎನ್ನುತ್ತಾನೆ ಸ್ಟಾರ್.

ಈ ಒಂದು ಪುಟದಲ್ಲಿ ಸ್ಟಾರ್ ತನ್ನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆದರೂ ಅವನ ಬುದ್ಧಿ, ತಾಳ್ಮೆ, ಒಬ್ಬ ನೌಕರನನ್ನು ಬೈಯದೆ ದಾರಿಗೆ ತರುವ ಚಾಕಚಕ್ಯತೆ, ತನ್ನ ವಿದ್ಯೆಯ ಮೇಲಿನ ಮಕ್ಕಳಂಥ ಪ್ರೀತಿ ಎಲ್ಲ ಬಂದುಹೋಗುತ್ತದೆ. ಸಂಬಳ ಕೊಡುವವನು ಸಂಬಳ ಪಡೆಯುವವನಿಗೆ ಕೆಲಸ ಕಲಿಸುತ್ತಿದ್ದಾನೆ, ಅಷ್ಟೇ ನಡೆದದ್ದು. ಪಾತ್ರವಿಶ್ಲೇಷಣೆಗೆ ಹೊರಟವರು ಇಂಥ ದೃಶ್ಯಗಳನ್ನು ಮೊದಲು ಹೆಕ್ಕಿಕೊಳ್ಳಬೇಕು. ಪಾತ್ರ ತನ್ನ ಕಸುಬಿನಲ್ಲಿ ಮೈಮರೆತ ಗಳಿಗೆಯಲ್ಲಿ ಸಿಕ್ಕಷ್ಟು ಸುಲಭವಾಗಿ ಪ್ರೇಮದಲ್ಲಿ ಸಿಗುವುದಿಲ್ಲ. ಸ್ಟಾರ್‌ನ ಪ್ರೇಮಪ್ರಸಂಗ ಅದೇ ಪುಸ್ತಕದಲ್ಲಿದೆ, ಚೆನ್ನಾಗಿಯೂ ಇದೆ, ಆದರೆ ಅದರಿಂದ ಅವನು ಇಷ್ಟು ಸ್ಪಷ್ಟವಾಗುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಕಥೆ ಹೇಳುವವಳು ಸಿಸಿಲಿಯಾ, ಸ್ಟಾರ್‌ನ ಪಾಲುದಾರನ ಮಗಳು. ಅವಳು ಈ ಕೋಣೆಯಲ್ಲಿ ಇರಲಿಲ್ಲ. ಕೇಳಿದ್ದನ್ನು, ಊಹಿಸಿದ್ದನ್ನು ಸೇರಿಸಿ ಕಟ್ಟುತ್ತಾಳೆ. ಅವಳಿಗೆ ಸ್ಟಾರ್ ಮೇಲೆ ಮನಸ್ಸಿದೆ ಕೂಡ. ಸಿನಿಮಾ ಕಾದಂಬರಿಗಳ ನಿರೂಪಕರು ಬಹುಮಟ್ಟಿಗೆ ಇಂಥವರೇ, ಹೊಸ್ತಿಲ ಮೇಲೆ ನಿಂತವರು. ಪೂರ್ತಿ ಒಳಗಿನವನಿಗೆ ಬೆರಗಿಲ್ಲ, ಪೂರ್ತಿ ಹೊರಗಿನವನಿಗೆ ಮಾಹಿತಿಯಿಲ್ಲ. ಶ್ರೀನಿವಾಸನೂ ಹೊಸ್ತಿಲವನೇ, ಚಿತ್ರಕಥೆ ಬರೆಯಲು ಒಳಗೆ ಹೋದ, ಸಂಪಾದಕನ ತೀರ್ಪುಗಾರಿಕೆಯನ್ನು ಜೇಬಿನಲ್ಲಿಟ್ಟುಕೊಂಡೇ ಹೋದ. ಹಾಗಾಗಿ ಸಂಪತ್ ಬಗ್ಗೆ ಅವನ ಅಭಿಪ್ರಾಯವನ್ನು ಕಾದಂಬರಿಯ ಅಭಿಪ್ರಾಯ ಎಂದು ಸಹಿ ಹಾಕಿ ಕೊಡುವ ಮುನ್ನ, ಶ್ರೀನಿವಾಸನಿಗೂ ಅದೇ ನಾಲ್ಕು ಕಾಲಂ ತುಂಬಿಸಿ. ಅವನ ಅನ್ನವೂ ಅಷ್ಟು ದಿನ ಅದೇ ಸ್ಟುಡಿಯೋದಿಂದ ಬರುತ್ತಿತ್ತು.

ಕಾಮದಹನ

ಇಂಥ ಕಾದಂಬರಿಗಳೊಳಗೆ ಒಂದು ಚಿತ್ರ ತಯಾರಾಗುತ್ತಿರುತ್ತದೆ. ಅದರ ಕಥೆಯೇನು ಎಂಬುದನ್ನು ನೋಡಿ ಕೂಡಲೇ ಸಂಕೇತ ಎಂದುಬಿಡುವುದು ಸುಲಭ. ಸಂಪತ್ ತಂಡ ತೆಗೆಯುತ್ತಿರುವುದು ಶಿವ ಕಾಮನನ್ನು ಸುಡುವ ಪ್ರಸಂಗ. ಸೆಟ್ಟಿನಲ್ಲಿ ನಡೆಯುವುದು ತಿರುವುಮುರುವು. ಕಾಮನೇ ಎಲ್ಲರನ್ನೂ ಸುಡುತ್ತಾನೆ. ಹೆಂಡತಿ ಮಕ್ಕಳಿದ್ದೂ ಸಂಪತ್ ಶಾಂತಿಗೆ ಮರುಳಾಗಿದ್ದಾನೆ, ರವಿಗೆ ಅದೇ ಮುಖದ ಧ್ಯಾನ. ಇಷ್ಟನ್ನು ಯಾರು ಬೇಕಾದರೂ ಹೇಳಬಹುದು. ಮುಂದಿನ ಹೆಜ್ಜೆ ಏನೆಂದರೆ ಆ ಕಥೆ ಕಾಗದದಿಂದ ಸೆಟ್ಟಿಗೆ ಬರುವಷ್ಟರಲ್ಲಿ ಎಷ್ಟು ಕೈ ದಾಟಿತು ಎಂದು ಗುರುತು ಹಾಕುವುದು. ಶ್ರೀನಿವಾಸನಿಗೆ ಅದು ಇಂದ್ರಿಯನಿಗ್ರಹದ ಗಂಭೀರ ವಸ್ತು. ಹಣ ಹಾಕಿದವರಿಗೆ ಹಾಡು, ನೃತ್ಯ, ನಗು ಬೇಕು. ಹಾಲಿವುಡ್ಡಿನ ಹೆಸರು ಹೇಳಿಕೊಂಡು ಬಂದ ಡಿ ಮೆಲ್ಲೊಗೆ ಶಿಸ್ತು, ಪದ್ಧತಿ ಬೇಕು. ಸಂಪತ್‌ಗೆ ಶಾಂತಿ ಬೇಕು. ಪ್ರತಿಯೊಬ್ಬನೂ ಅದೇ ಪುರಾಣದಿಂದ ತನ್ನ ಪಾಲನ್ನು ಕತ್ತರಿಸಿಕೊಳ್ಳುತ್ತಾನೆ. ವೈರಾಗ್ಯದ ಕಥೆಯನ್ನು ಆಕರ್ಷಣೆಯ ಸರಕಾಗಿ ಮಾರಬೇಕಾದ ಅನಿವಾರ್ಯತೆ ಕಾದಂಬರಿಯ ವಸ್ತು. ಯಾವ ಒಬ್ಬನ ಕೆಟ್ಟತನವೂ ಅದಕ್ಕೆ ಬೇಕಾಗಿಲ್ಲ.

ಎರಡನೆಯದಾಗಿ, ಚಿತ್ರೀಕರಣ ಎಲ್ಲಿ ಮುರಿಯುತ್ತದೆ ಎಂದು ನೋಡಿ. ರವಿ ಸೆಟ್ಟಿಗೆ ನುಗ್ಗುವುದು ಶಿವ ಪಾರ್ವತಿಯರು ಹತ್ತಿರವಾಗುವ ದೃಶ್ಯದಲ್ಲಿ. ಆ ಕ್ಷಣ ಎಲ್ಲ ದೀಪಗಳೂ ಉರಿಯುತ್ತಿವೆ, ಎಲ್ಲರ ಕಣ್ಣೂ ಒಂದೇ ಕಡೆ ಇವೆ, ಅಂದರೆ ಖರ್ಚಿನ ಗಡಿಯಾರ ಅತಿ ವೇಗವಾಗಿ ಓಡುತ್ತಿರುವ ಹೊತ್ತು. ನೆಥಾನಿಯಲ್ ವೆಸ್ಟ್‌ನ ‘ದಿ ಡೇ ಆಫ್ ದಿ ಲೋಕಸ್ಟ್’ (1939) ಕಾದಂಬರಿಯಲ್ಲೂ ಮುರಿತ ಇಂಥದೇ ಜಾಗದಲ್ಲಿ ಆಗುತ್ತದೆ. ವಾಟರ್ಲೂ ಯುದ್ಧದ ಚಿತ್ರೀಕರಣ, ಬಡಗಿಗಳು ಇನ್ನೂ ಮುಗಿಸದ ಗುಡ್ಡದ ಮೇಲೆ ಕುದುರೆ ಸೈನಿಕರನ್ನು ನುಗ್ಗಿಸಿಬಿಡುತ್ತಾರೆ, ಗುಡ್ಡ ಜನರ ಸಮೇತ ಕುಸಿಯುತ್ತದೆ. ಅದಕ್ಕೆ ಕಾರಣ ವಿಧಿಯಲ್ಲ. ಒಂದು ವಿಭಾಗದ ಕೆಲಸ ಮುಗಿದಿದೆಯೇ ಎಂದು ಇನ್ನೊಂದು ವಿಭಾಗ ಕೇಳಲಿಲ್ಲ. ರವಿಯ ವಿಷಯದಲ್ಲೂ ಹಾಗೇ. ಅವನ ಸ್ಥಿತಿ ಕೆಡುತ್ತಿದೆ ಎಂಬುದು ಶ್ರೀನಿವಾಸನಿಗೆ ಗೊತ್ತಿತ್ತು. ಸ್ಟುಡಿಯೋದಲ್ಲಿ ಅದನ್ನು ಯಾರಿಗೆ ವರದಿ ಮಾಡಬೇಕಿತ್ತು?

ಶಾಂತಿ ಎಂಬ ಖಾಲಿ ಜಾಗ

ಶಾಂತಿಯನ್ನು ಸಂಕೇತವಾಗಿ ಓದುವುದು ನನಗೆ ಒಪ್ಪಿಗೆಯಿಲ್ಲ. ಅವಳು ದುರ್ಬಲವಾಗಿ ಬರೆದ ಪಾತ್ರ. ಎಲ್ಲರೂ ಅವಳನ್ನು ನೋಡುತ್ತಾರೆ, ಅವಳ ಕಣ್ಣಿನಿಂದ ನಾವು ಏನನ್ನೂ ನೋಡುವುದಿಲ್ಲ. ಉದ್ಯಮ ನಟಿಯನ್ನು ಹಾಗೆಯೇ ಕಾಣುತ್ತದೆ, ಕಾದಂಬರಿ ಅದನ್ನು ಅನುಕರಿಸಿದೆ ಎಂದು ಸಮರ್ಥಿಸುವವರಿದ್ದಾರೆ. ಹಾಗಿದ್ದರೆ ಆ ಅನುಕರಣೆಯನ್ನು ಲೇಖಕ ಒಂದು ಕಡೆಯಾದರೂ ಬಿರುಕು ಬಿಡಿಸಬೇಕಿತ್ತು. ಬಿರುಕು ಇರುವುದು ಒಂದೇ ಜಾಗದಲ್ಲಿ, ಕೊನೆಯ ಹತ್ತಿರ, ಅವಳು ಸಂಪತ್‌ನನ್ನು ಬಿಟ್ಟು ರೈಲು ಹತ್ತಿ ಮದ್ರಾಸಿಗೆ ಹೋಗುವಾಗ. ಹಾಳೆಯ ಮೇಲೆ ನೋಡಿದರೆ ಇಡೀ ಕಾದಂಬರಿಯಲ್ಲಿ ತಾನೇ ನಿರ್ಧರಿಸಿ ಕೆಲಸ ಬಿಡುವ ನೌಕರಳು ಅವಳೊಬ್ಬಳೇ. ರವಿಗೆ ಹುಚ್ಚು ಹಿಡಿದು ಹೋಗುತ್ತದೆ, ಸಂಪತ್ ಸಾಲದವರಿಗೆ ಹೆದರಿ ಊರು ಬಿಡುತ್ತಾನೆ, ಶ್ರೀನಿವಾಸ ತನ್ನ ಪತ್ರಿಕೆಗೆ ಮರಳಿ ಒಂದು ಬಗೆಯ ವಾನಪ್ರಸ್ಥದ ಸಮಾಧಾನ ಕಂಡುಕೊಳ್ಳುತ್ತಾನೆ. ಶಾಂತಿ ಟಿಕೆಟ್ ಕೊಂಡು ಹೋಗುತ್ತಾಳೆ. ಅದು ಅವಳ ಮೇಲೆ ಒಂದು ಅಧ್ಯಾಯವನ್ನೇ ಬರೆಯಬಹುದಾದ ಸಂಗತಿ, ನಾರಾಯಣ್ ಅದನ್ನು ಸಂಪತ್‌ನ ಸೋಲಿನ ವಿವರವಾಗಿ ಮುಗಿಸಿಬಿಟ್ಟರು.

ಆ ಬರೆಯದ ಅಧ್ಯಾಯಕ್ಕೆ ಹತ್ತಿರವಾದದ್ದು ಬೇಕಿದ್ದರೆ ತಮಿಳಿಗೆ ಹೋಗಬೇಕು. ಅಶೋಕಮಿತ್ರನ್ ದಶಕಕ್ಕೂ ಹೆಚ್ಚು ಕಾಲ ಅದೇ ಜೆಮಿನಿ ಸ್ಟುಡಿಯೋದಲ್ಲಿ ನೌಕರಿ ಮಾಡಿದವರು. ನಾರಾಯಣ್ ಅತಿಥಿಯಾಗಿ ಕಂಡ ಜಾಗವನ್ನು ಇವರು ಗುಮಾಸ್ತನಾಗಿ ಕಂಡರು. ಅವರ ‘ಕರೈಂದ ನಿಳಲ್‌ಗಳ್’ ಕಾದಂಬರಿಯಲ್ಲಿ ನಾಯಕನೆನ್ನುವವನೇ ಇಲ್ಲ. ಪ್ರೊಡಕ್ಷನ್ ಮ್ಯಾನೇಜರ್ ನಟರಾಜನ್, ಸಹಾಯಕ ನಿರ್ದೇಶಕ ರಾಜಗೋಪಾಲ್, ನಿರ್ಮಾಪಕ ರೆಡ್ಡಿಯಾರ್, ಹೀಗೆ ಅಧ್ಯಾಯದಿಂದ ಅಧ್ಯಾಯಕ್ಕೆ ಕೇಂದ್ರ ಜರುಗುತ್ತದೆ. ದೊಡ್ಡ ಘಟನೆಗಳು ಪುಟದ ಮೇಲೆ ನಡೆಯುವುದಿಲ್ಲ. ಎರಡು ಅಧ್ಯಾಯಗಳ ನಡುವೆ ನಡೆದುಹೋಗಿರುತ್ತವೆ. ಮುಂದೆ ಯಾರೋ ಯಾರಿಗೋ ಹೇಳುವಾಗ ಅರ್ಧಂಬರ್ಧ ತಿಳಿಯುತ್ತದೆ. ಸ್ಟುಡಿಯೋದ ಕೆಳಹಂತದ ನೌಕರನಿಗೆ ಸುದ್ದಿ ತಲುಪುವುದು ಹೀಗೆಯೇ ಅಲ್ಲವೇ? ಈ ಪುಸ್ತಕಕ್ಕೆ ನಾಲ್ಕು ಕಾಲಂ ಸಾಲದು. ಪ್ರತಿ ಅಧ್ಯಾಯದ ಕೊನೆಗೆ ಯಾರು ಕಾಣೆಯಾದರು ಎಂದು ಐದನೆಯದೊಂದನ್ನು ಎಳೆಯಬೇಕು, ಇಲ್ಲದಿದ್ದರೆ ಓದುತ್ತಾ ಓದುತ್ತಾ ನೀವೂ ಅವರನ್ನು ಮರೆತಿರುತ್ತೀರಿ.

ಅದರಲ್ಲಿ ನಾಯಕಿ ಜಯಚಂದ್ರಿಕಾ ಚಿತ್ರೀಕರಣಕ್ಕೆ ಬರುವುದಿಲ್ಲ, ರೆಡ್ಡಿಯಾರ್ ಅವಳ ಮನೆಗೇ ಹೋಗುತ್ತಾನೆ. ನಟಿಯ ಹಠ, ನಿರ್ಮಾಪಕನ ದರ್ಪ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಾದ ಸನ್ನಿವೇಶ. ಆದರೆ ಆ ಬಾಗಿಲು ತಟ್ಟುವ ಹೊತ್ತಿಗೆ ಸ್ಟುಡಿಯೋದಲ್ಲಿ ಯಾರೆಲ್ಲ ಕಾಯುತ್ತಿದ್ದಾರೆ, ಯಾರ ದುಡ್ಡು ಸಿಕ್ಕಿಬಿದ್ದಿದೆ ಎಂಬುದು ಹಿಂದಿನ ಅಧ್ಯಾಯಗಳಿಂದ ನಮಗೆ ಗೊತ್ತಿದೆ. ಆದ್ದರಿಂದ ರೆಡ್ಡಿಯಾರ್ ಗದರಿದಾಗ ಅವನ ಮೇಲೆ ಸಿಟ್ಟೂ ಬರುತ್ತದೆ, ಅವನ ಲೆಕ್ಕವೂ ಕಣ್ಣೆದುರು ನಿಲ್ಲುತ್ತದೆ. ಅವಳನ್ನು ನೋಡಿದರೆ ಹಠಕ್ಕಿಂತ ಹೆಚ್ಚಾಗಿ ದಣಿವು ಕಾಣುತ್ತದೆ. ಇಬ್ಬರಲ್ಲಿ ತಪ್ಪು ಯಾರದೆಂದು ಅಶೋಕಮಿತ್ರನ್ ಹೇಳುವುದಿಲ್ಲ, ಮುಂದಿನ ಅಧ್ಯಾಯ ಬೇರೊಬ್ಬನ ಕೆಲಸದ ಕಡೆಗೆ ತಿರುಗುತ್ತದೆ.